ಹನ್ನೊಂದನೇ ನಂಬರಿನ ಟಗರು

ನನ್ನ ತಮ್ಮ ಸೋಮನಾಥ ಕುರಿ ವ್ಯಾಪಾರದ ದಲಾಲ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ, ಹಾಗಾಗಿ ಅವನ ಹಟದ ರುಚಿ ನನ್ನಷ್ಟು ಉಂಡವರು ನಮ್ಮೂರು ದರಿಬಡಚಿಯಲ್ಲಿ ಇನ್ನೊಬ್ಬರಿಲ್ಲ. ಸಣ್ಣವನಿದ್ದಾಗ ಬಾಯಿಂದ ಒಂದು ಮಾತು ಬಿದ್ದರೆ ಮುಗಿಯಿತು. ಅಪ್ಪ ಕೋಲು ಮುರಿಯುವ ಹಾಗೆ ಬಡಿದರೂ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಊರವರು ಅದನ್ನು ಸತ್ಯವಂತಿಕೆ ಎಂದರು. ನಾನು ಮೊಂಡತನ ಎನ್ನುತ್ತಿದ್ದೆ.

ನಮ್ಮ ಸಂತೆಯಲ್ಲಿ ಕುರಿಯ ದರ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ದಲಾಲ, ಗಿರಾಕಿ ಟಾವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ದರ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಹೆಂಗಸಿನ ಕೈ ಯಾರು ಹಿಡಿಯಬೇಕು? ಹೀಗಾಗಿ ಹೆಂಗಸರು ಕುರಿ ಕಾಯಬಹುದು, ಕೊಳ್ಳುವಂತಿಲ್ಲ. ಸೋಮನಾಥ ಈ ವ್ಯಾಪಾರವನ್ನು ಮೊಬೈಲಿಗೆ ತಂದ. ವಾಟ್ಸಾಪ್ ಗ್ರೂಪಿನಲ್ಲಿ ಟಗರಿನ ವಿಡಿಯೊ ಹಾಕುತ್ತಾನೆ. ಕೊಳ್ಳುವವರು ಅವನೊಬ್ಬನಿಗೇ ದರ ಕಳಿಸುತ್ತಾರೆ. ಗ್ರೂಪಿನಲ್ಲಿ ಅವನು ಬರೆಯುವುದು ಗಿರಾಕಿಗೆ ತಾನು ಕೊಟ್ಟ ನಂಬರು, ದರ, ಅಷ್ಟೇ. ಯಾವ ನಂಬರು ಯಾರದೆಂದು ಸತ್ತರೂ ಹೇಳುವುದಿಲ್ಲವೆಂದು ಬೀರೋಬ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದ.

ಹನ್ನೊಂದನೇ ನಂಬರು ಕುಣಿಕೋಣೂರಿನ ಚಂದ್ರಾಬಾಯಿಯದು. ಇದು ನನಗೂ ತಿಳಿದದ್ದು ಆಮೇಲೆಯೇ. ಗಂಡ ಸತ್ತ ಮೇಲೆ ಅವಳು ಬಾಲಗಾಂವದ ಶಂಕರಲಿಂಗನ ಹಿಂಡು ಕಾಯಲು ನಿಂತಿದ್ದಳು. ತನ್ನದೂ ಒಂದು ಹಿಂಡು ಕಟ್ಟಬೇಕು, ಅದಕ್ಕೊಂದು ಚಲೋ ಬೀಜದ ಟಗರು ಬೇಕು, ಇಷ್ಟೇ ಅವಳ ಆಸೆ; ಅದಕ್ಕೆಂದೇ ದುಡ್ಡು ಕೂಡಿಸಿಟ್ಟಿದ್ದಳು.

ಅಂಥದೊಂದು ಟಗರು ಹರಾಜಿಗೆ ಬಂತು. ಗಿಳಿಮೂಗು, ಉದ್ದ ಕಿವಿ, ನೋಡಿದವರು ಕಣ್ಣು ಕೀಳುತ್ತಿರಲಿಲ್ಲ. ಅದು ತನ್ನದಾದಂತೆಯೇ ಎಂದು ಶಂಕರಲಿಂಗ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅವನು ದರ ಏರಿಸಿದಷ್ಟೂ ಹನ್ನೊಂದನೇ ನಂಬರು ಏರಿಸಿತು, ಕಡೆಗೆ ಟಗರು ಅದಕ್ಕೇ ಹೋಯಿತು.

ಮರುದಿನ ಬೆಳಿಗ್ಗೆ ಶಂಕರಲಿಂಗ ಕೊಡಲಿ ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದ. ಹನ್ನೊಂದನೇ ನಂಬರಿನ ಮನುಷ್ಯನೇ ಇಲ್ಲ, ದರ ಏರಿಸಲು ಸೋಮನಾಥನೇ ಹುಟ್ಟಿಸಿದ ಭೂತ ಅದು ಎಂದು ಅವನ ವಾದ. ಇದ್ದರೆ ಹೆಸರು ಹೇಳು ಎಂದ. ಸೋಮನಾಥ ಅಡ್ಡಡ್ಡ ತಲೆಯಾಡಿಸಿದ. ಕೊಡಲಿಯ ಹಿಡಿ ಅವನ ಪಕ್ಕೆಗೆ, ಆಮೇಲೆ ಬಾಯಿಗೆ ಬಿತ್ತು. ಹಲ್ಲು ರಕ್ತದ ಜೊತೆ ಹೊರಗೆ ಬಂತು. ಅಡ್ಡ ಹೋದ ನನ್ನನ್ನು ಶಂಕರಲಿಂಗ ಗೋಡೆಗೆ ನೂಕಿದ. ಹೆಸರು ಹೇಳಿಬಿಡೋ ಎಂದು ನಾನು ಅತ್ತೆ, ಬೈದೆ. ಶಂಕರಲಿಂಗ ತಮ್ಮನ ಬಲಗೈಯನ್ನು ಒಗೆಯುವ ಕಲ್ಲಿನ ಮೇಲೆ ಇಡಿಸಿ ಕೊಡಲಿಯ ಹಿಂಬದಿಯಿಂದ ಜಜ್ಜಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಅವನು ಚೀರಿದ, ಹೆಸರು ಮಾತ್ರ ಹೇಳಲಿಲ್ಲ.

ಟಗರು ಹೇರಿಕೊಂಡು ಟೆಂಪೋದಲ್ಲಿ ಊರಿಗೆ ಹೊರಟಿದ್ದ ಚಂದ್ರಾಬಾಯಿ, ಯಾರೋ ಗ್ರೂಪಿಗೆ ಹಾಕಿದ ಈ ಹೊಡೆತದ ಸುದ್ದಿ ನೋಡಿದ್ದಳು. ಅವಳು ಹಗ್ಗ ಹಿಡಿದು, ಟಗರಿನ ಜೊತೆಗೇ ಅಂಗಳಕ್ಕೆ ಬಂದಳು.

"ಸಾವಕಾರ್ರ, ಅವನ್ನ ಬಿಡ್ರಿ. ಹನ್ನೊಂದನೇ ನಂಬರ ನಂದ. ಈ ಟಗರ ನಾ ಕೊಂಡೀನಿ."

ಶಂಕರಲಿಂಗ ನಕ್ಕ. ತನ್ನ ಕುರಿ ಕಾಯುವವಳು ತನ್ನ ಮೇಲೆ ದರ ಕೂಗುವುದೆಂದರೆ ಅವನಿಗೆ ನಂಬಲಾಗಲಿಲ್ಲ; ಸೋಮನಾಥನೇ ಟಗರನ್ನು ಅವಳ ಕೈಲಿ ಸಾಗಿಸುತ್ತಿದ್ದಾನೆ ಎಂದ. ತಮ್ಮನ ಕೂದಲು ಹಿಡಿದು ಮುಖ ಎತ್ತಿ, ಇವಳು ಹೇಳುವುದು ಖರೇನಾ ಎಂದು ಕೇಳಿದ. ಒಂದು ಹೂಂ ಸಾಕಿತ್ತು.

"ಯಾವ ನಂಬರ ಯಾರದು ನನಗ ಗೊತ್ತಿಲ್ರಿ," ಎಂದ ಸೋಮನಾಥ.

"ಹಂಗಾರ ಈ ಟಗರಿಗೆ ಧಣಿನ ಇಲ್ಲ," ಎಂದ ಶಂಕರಲಿಂಗ.

ಕೊಡಲಿ ಟಗರಿನ ಕುತ್ತಿಗೆಗೆ ಬಿತ್ತು. ಮೊದಲ ಏಟಿಗೆ ಮೊಣಕಾಲೂರಿತು, ಎರಡನೆಯದಕ್ಕೆ ಮಗ್ಗುಲಾಯಿತು. ಬಿಸಿ ರಕ್ತ ಚಂದ್ರಾಬಾಯಿಯ ಸೀರೆಗೆ, ಮುಖಕ್ಕೆ ಸಿಡಿಯಿತು. ಟಗರು ಒದ್ದಾಡುತ್ತಿದ್ದರೂ ಅವಳು ಹಗ್ಗ ಬಿಡಲಿಲ್ಲ. ಶಂಕರಲಿಂಗ ಉಣ್ಣೆಗೆ ಕೊಡಲಿ ಒರೆಸಿಕೊಂಡು ಹೋದ.

ಅವನು ಹೋದ ಕಡೆಗೆ ಚಂದ್ರಾಬಾಯಿ ನೋಡಲೂ ಇಲ್ಲ. ಸೋಮನಾಥನ ಎದುರು ಕುಂತಳು.

"ನನ್ನ ಹೆಸರ ನಾನ ಹೇಳಿದ್ನಲ್ಲಪಾ. ನಿನಗ ಹೂಂ ಅನ್ನಾಕ ಏನಾಗಿತ್ತು?"

ಆಣೆ ಇತ್ತು ಎಂದ ಅವನು. ಅವಳು ಎದ್ದು ಹೋದಳು.

ಸಂಜೆಯೊಳಗೆ ಪೊಲೀಸರು ಶಂಕರಲಿಂಗನನ್ನು ಹಿಡಿದರು. ಸೋಮನಾಥ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಅಂಗಳದ ರಕ್ತಕ್ಕೆ ಇನ್ನೂ ನೊಣ ಮುತ್ತಿದ್ದವು. ಅದನ್ನು ದಾಟಿ ಬಂದ ಜನ ಕಟ್ಟೆಯ ಮೇಲೆ ಕುಳಿತು, ಇಂಥ ನಂಬಿಗಸ್ತ ದಲಾಲ ಇನ್ನೊಬ್ಬ ಸಿಗಲಾರ, ನಮ್ಮನ್ನೂ ಗ್ರೂಪಿಗೆ ಸೇರಿಸಿಕೋ ಎಂದರು. ಅವನ ಊದಿದ ಮುಖದಲ್ಲಿ ನಗು ಕಂಡಿತು. ಚಂದ್ರಾಬಾಯಿಯ ಟಗರಿನ ಮಾತು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಜನ ಎದ್ದು ಹೋದ ಮೇಲೆ ಅವನು, ಕೈ ಎತ್ತಲು ಬರುವುದಿಲ್ಲ, ತುತ್ತು ಮಾಡಿ ತಿನ್ನಿಸು ಅಕ್ಕ ಎಂದ. ತಾಟು ಅವನ ಮುಂದಿಟ್ಟು, ನಾನು ಹೊರಗೆ ಬಂದೆ.