ಕಮಾನಿನ ಅಳತೆಗೆ ಒಟ್ಟಿದ ಲೋಡು

ಅಗಸಿ ಉಳಿಯಿತು! ಬ್ಯಾಡಗಿಯ ಹಳೇ ಪೇಟೆಯ ನಮ್ಮ ಕಲ್ಲಿನ ಅಗಸಿ, ನಮ್ಮೂರ ಬಾಗಿಲು, ಉಳಿಯಿತು. ಆ ಸಂಜೆ ಮೊಮ್ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಸುಮ್ಮಸುಮ್ಮನೆ ಅದರ ಕೆಳಗೆ ಎಷ್ಟು ಸಲ ಹಾದು ಬಂದೆನೋ ಲೆಕ್ಕವಿಲ್ಲ. ಈಗಲೂ ಆ ಮಾತು ತೆಗೆದರೆ ಎದೆ ತುಂಬಿ ಬರುತ್ತದೆ. ನಾನು ಓದಿದ್ದು ಮೂರನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಎಂಬತ್ತರ ದಶಕದ ಕೊನೆಯ ಒಂದು ಮೆಣಸಿನಕಾಯಿ ಸುಗ್ಗಿ. ನಾನು ಹಮಾಲರ ಮುಖ್ಯಸ್ಥ, ಮಗ ಲಾರಿ ಡ್ರೈವರ್. ಹಳೇ ಪೇಟೆಯ ಗೋದಾಮುಗಳಿಂದ ಲಾರಿ ಹೊರಬೀಳಲು ಅಗಸಿಯೊಂದೇ ದಾರಿ. ಚಕ್ಕಡಿಗಳ ಕಾಲದ ಬಾಗಿಲು ಅದು. ಲೋಡಿನ ಮೂಲೆ ಅದರ ಕಮಾನಿಗೆ ಬಡಿಯುತ್ತಿತ್ತು. ಒಂದು ದಿನ ಕಮಾನಿನ ಮಗ್ಗುಲಲ್ಲಿದ್ದ ಕಲ್ಲಾನೆಯ ಸೊಂಡಿಲೇ ಮುರಿದು ಬಿತ್ತು. ಅದನ್ನು ಬಡಿದು ಮುರಿದದ್ದು ನನ್ನ ಮಗನ ಲಾರಿ. ಅಗಸಿಯನ್ನೇ ಕೆಡವಿಬಿಡೋಣ ಎಂದು ಪುರಸಭೆಯವರು ಠರಾವಿಗೆ ತಯಾರಾದರು.

"ಕೆಡವಿದ್ರ ಚಲೋನ ಆತು ಬಿಡಪ್ಪ," ಅಂದ ಮಗ, ಊಟದ ಹೊತ್ತಿಗೆ. "ಕಲ್ಲಿಗೆ ಯಾಕ ಇಷ್ಟ ಅಳ್ತೀದಿ?"

"ಸೊಂಡಿ ಮುರದಾಂವನ ಜೋಡಿ ನಾ ಉಣ್ಣಂಗಿಲ್ಲ," ಎಂದು ತಾಟು ಬಿಟ್ಟು ಎದ್ದೆ. ಅಂದಿನಿಂದ ನಾವಿಬ್ಬರೂ ಒಂದು ಸಾಲಿನಲ್ಲಿ ಕೂತು ಉಣ್ಣಲಿಲ್ಲ.

ಹುಟ್ಟೂರು ಹಲಗೇರಿಯಿಂದ ಕೂಲಿಗೆ ಬಂದ ಮೊದಲ ದಿನ, ಬೆನ್ನ ಮೇಲಿನ ಚೀಲ ಇಳಿಸಿ ನಾನು ಉಸಿರು ಬಿಟ್ಟದ್ದು ಆ ಅಗಸಿಯ ಕಟ್ಟೆಯ ಮೇಲೆ. ನನ್ನ ಹೆಂಡತಿ ಮದುವಣಗಿತ್ತಿಯಾಗಿ ಊರು ಹೊಕ್ಕದ್ದು ಅದರ ಕೆಳಗೆ ಕಾಯಿ ಒಡೆಸಿ. ಮಗನಿಗೆ ಇದನ್ನೆಲ್ಲ ಹೇಗೆ ಹೇಳಲಿ? ಕಟ್ಟೆಯ ಮೇಲೆ ಕೂತು ಕಮಾನನ್ನೇ ನೋಡುತ್ತಿದ್ದಾಗ ಹೊಳೆಯಿತು. ಕಮಾನು ನಡುವೆ ಎತ್ತರ, ಮಗ್ಗುಲಿಗೆ ತಗ್ಗು. ನಾವೋ ಲೋಡನ್ನು ಪೆಟ್ಟಿಗೆಯಂತೆ ಚೌಕ ಒಟ್ಟುತ್ತಿದ್ದೆವು. ಬಣವಿಯ ಹಾಗೆ ನೆತ್ತಿ ದುಂಡಗೆ ಮಾಡಿ ಒಟ್ಟಿದರೆ? ಹಲಗೇರಿಯಲ್ಲಿ ಬಣವಿ ಒಟ್ಟಿದ ಕೈ ನನ್ನದು.

ಹೋಗಿ ಹೇಳಿದೆ. ಪುರಸಭೆಯ ಅಧ್ಯಕ್ಷರು ಒಪ್ಪಿದರು, ಆದರೆ ಕರಾರು ಹಾಕಿದರು. "ಒಂದ ಚೀಲಾನೂ ಕಮ್ಮಿ ಮಾಡಂಗಿಲ್ಲ. ಕಮಾನಿಗೆ ಹಸಿ ಸುಣ್ಣ ಹಚ್ಚಸ್ತೀನಿ. ಚೀಲಕ್ಕ ಸುಣ್ಣ ಹತ್ತಿತೋ, ಅವತ್ತ ಕೆಡವೂದು. ಆಮ್ಯಾಲೆ ಬಾಯಿ ತಗೀಬಾರದು."

"ಆತ್ರಿ ಸಾಹೇಬ್ರ."

ಪರೀಕ್ಷೆಯ ದಿನದ ಪಾಳಿ ಮಗನ ಲಾರಿಯದೇ. ರಾಣೆಬೆನ್ನೂರಿಗೆ ಹೋಗುವ ಲೋಡು. ಬೆಳಿಗ್ಗೆಯೇ ಒಟ್ಟಿ, ಹಗ್ಗ ಬಿಗಿದು, ಗಳ ಹಿಡಿದು ಅಳೆದೆ. ನೆತ್ತಿಗೂ ಕಮಾನಿಗೂ ನಾಲ್ಕು ಬೆರಳು ಸಂದು. ಅಧ್ಯಕ್ಷರು ಬಂದಾಗ ಮಧ್ಯಾಹ್ನವಾಗಿತ್ತು. ಕೆಡವಲು ಹಾರೆ ಹಿಡಿದು ಬಂದ ಆಳುಗಳು ಅಗಸಿಯ ನೆರಳಲ್ಲೇ ಬೀಡಿ ಸೇದುತ್ತ ಕೂತಿದ್ದರು.

"ಟಾಯರ್ ಗಾಳಿ ಬಿಡಸೋ ಮುದುಕಾ, ಸಲೀಸ್ ಆಕ್ಕತಿ!" ಎಂದು ದಲಾಲಿ ಸಾವುಕಾರರೊಬ್ಬರು ನಕ್ಕರು.

"ಗಾಳಿ ನಿಮ್ಮ ತಲ್ಯಾಗೂ ಬಾಳ ಐತ್ರಿ, ಮದಲ ಅದನ್ನ ಬಿಡಸ್ರಿ," ಎಂದೆ.

ಲಾರಿ ಹೊರಟಿತು. ಮೂತಿ ಒಳಗೆ ಹೋಯಿತು. ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರ ನಡುವಿನಿಂದ ನನ್ನ ಹೆಂಡತಿ ಮಗನತ್ತ ಚೀರಿದಳು: "ಏ, ನಿಲ್ಲಸೋ ತಮ್ಮಾ! ಚೀಲ ಉಬ್ಬ್ಯಾವು!"

ಮಗ ಬ್ರೇಕ್ ಒತ್ತಿದ. ಲೋಡಿಗೂ ಸುಣ್ಣಕ್ಕೂ ನಡುವೆ ಒಂದು ಬೆರಳೂ ಇರಲಿಲ್ಲ. ನೀರು ಚಿಮುಕಿಸಿ ತುಳಿದು ತುಂಬಿದ ಕಾಯಿ ಬಿಸಿಲಿಗೆ ಒಣಗಿದರೆ ಮತ್ತೆ ಉಬ್ಬುತ್ತದೆ. ಜೀವನವಿಡೀ ಮೆಣಸಿನಕಾಯಿ ಹೊತ್ತ ನಾನು ಅದನ್ನೇ ಮರೆತಿದ್ದೆ! ಆಳುಗಳು ಬೀಡಿ ಎಸೆದು ಎದ್ದು ನಿಂತರು.

"ಮುಗೀತಲ್ಲ?" ಅಂದರು ಅಧ್ಯಕ್ಷರು.

"ಸುಣ್ಣ ಇನ್ನೂ ಹತ್ತಿಲ್ರಿ ಸಾಹೇಬ್ರ." ಮಗನ ದನಿ! ಲಾರಿಯಿಂದ ಜಿಗಿದಿದ್ದ. "ಹಗ್ಗ ಬಿಗೀಬ್ಯಾಡ ಅಂತ ನೀವೇನ ಹೇಳಿಲ್ಲ. ಅಪ್ಪಾ, ಮ್ಯಾಲೆ ಹತ್ತು!"

ಇಬ್ಬರೂ ಹಿಂದಿನಿಂದ ಹತ್ತಿದೆವು. ಹೆಂಡತಿ ಎತ್ತಿಕೊಟ್ಟ ಬಿಂದಿಗೆಯ ನೀರನ್ನು ಚಿಮುಕಿಸುತ್ತ ನಾನು ಮುಂದಿನ ತುದಿಗೆ ತೆವಳಿದೆ. ಕಮಾನಿನ ನೆತ್ತಿಗಲ್ಲು ಮುಖದೆದುರೇ ಇತ್ತು. ಅದರಲ್ಲಿ ಹೆಬ್ಬೆರಳಿನಷ್ಟು ಚಿಕ್ಕದೊಂದು ಕಮಲ. ಕೆಳಗೆ ನಿಂತವರಿಗೆ ಎಂದೂ ಕಾಣುವಂಥದ್ದಲ್ಲ. ಯಾರು ನೋಡಲೆಂದು ಕಡೆದಿದ್ದನೋ ಆ ಪುಣ್ಯಾತ್ಮ! ನಾನು ಇನ್ನೂ ಮುಂದೆ ಬಾಗಿದೆ.

"ಹೂವಾ ಆಮ್ಯಾಲೆ ನೋಡುವಂತಿ, ಹಗ್ಗಾ ಹಿಡಿಯಪ್ಪ!" ಮಗ ಬೈದ.

ತುಳಿದೆವು, ಜಗ್ಗಿದೆವು, ಅಂಗೈ ಸುಲಿಯುವವರೆಗೆ ಜಗ್ಗಿದೆವು. ಲೋಡು ಮೂರು ಬೆರಳು ಕುಸಿಯಿತು. ನಾವು ಇಳಿದೆವು. ಮಗ ಮತ್ತೆ ಗಾಡಿ ಶುರು ಮಾಡಿದ. ಇರುವೆಯ ಹಾಗೆ ಲಾರಿ ಹರಿಯಿತು. ನಾನು ಕಣ್ಣು ಮುಚ್ಚಿದೆ. ಹೆಂಗಸರು ಹೋ ಎಂದಾಗ ತೆರೆದರೆ, ಲಾರಿ ಅಗಸಿಯ ಆಚೆ ನಿಂತಿತ್ತು.

ಏಣಿ ತರಿಸಿ ಅಧ್ಯಕ್ಷರು ತಾವೇ ಒಂದೊಂದು ಚೀಲ ನೋಡಿದರು. ಇಳಿದು ಬಂದು ನನ್ನ ಮುಖ ನೋಡಿದರು.

"ಸುಣ್ಣಾ ಐತಲ್ಲೋ!"

"ಎಲ್ರೀ?" ಜೀವ ಹಾರಿತು.

"ನಿನ್ನ ಮೂಗಿನ ಮ್ಯಾಲೆ! ಲೋಡು ಪಾರಾತು, ಹಮಾಲ ಸಿಕ್ಕಬಿದ್ದ!"

ಆ ನಗುವಿನಲ್ಲಿ ಹಾರೆಗಳು ಬಂದ ದಾರಿಯಲ್ಲೇ ಹೋದವು. ಹಳೇ ಪೇಟೆಯ ಲೋಡೆಲ್ಲ ಇನ್ನು ದುಂಡಗೆ ಒಟ್ಟಬೇಕೆಂದು ಠರಾವಾಯಿತು.

ರಾಣೆಬೆನ್ನೂರಿನಲ್ಲಿ ಲೋಡು ಇಳಿಸಿ ಮಗ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಬಗಲಲ್ಲಿ ಗೋಣಿಯ ಗಂಟು. ಬಿಚ್ಚಿದರೆ ಕಲ್ಲಾನೆಯ ಸೊಂಡಿಲು! ಇಷ್ಟು ದಿನ ಸೀಟಿನ ಕೆಳಗೆ ಇಟ್ಟುಕೊಂಡೇ ತಿರುಗಿದ್ದ.

"ಕೂಡಸಾಕ ಬರತೈತೇನಪ್ಪ?"

"ಮದಲ ಕೈ ತೊಳಕೋ," ಎಂದೆ.

ಹೆಂಡತಿ ಹೋಳಿಗೆ ಮಾಡಿದ್ದಳು. ಸೊಸೆ ತುಪ್ಪ ಬಡಿಸಿದಳು. ನನ್ನ ಸಾಲಿನಲ್ಲೇ ಮಗ ಕೂತ, ನಮ್ಮಿಬ್ಬರ ನಡುವೆ ಮೊಮ್ಮಗಳು. ಆಮೇಲೆ ಅತ್ತೆ ಸೊಸೆಯರೂ ತಾಟು ಹಿಡಿದು ಅದೇ ಸಾಲಿಗೆ ಬಂದು ಕೂತರು. ಸುಲಿದ ಅಂಗೈಗೆ ಬಿಸಿ ತುಪ್ಪ ತಾಗಿ ಚುರ್ ಎನ್ನುತ್ತಿದ್ದರೂ ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.