ಗಾಡಿ ಹೊಡಿಯೋರು ಯಾರು?

ನಮ್ಮಣ್ಣನ ಪ್ಯಾಂಟಿನ ಎಡತೊಡೆಯ ಮೇಲೆ ಯಾವಾಗಲೂ ಅಂಗೈಯಗಲದ ಕಪ್ಪು ಕಲೆ ಇರುತ್ತಿತ್ತು. ಎರಡನೇ ವರ್ಷಕ್ಕೆ ಪೋಲಿಯೊ ಬಡಿದು ಅವನ ಎಡಗಾಲು ಸೊರಗಿತ್ತು. ಪ್ರತಿ ಹೆಜ್ಜೆಗೂ ಎಡಗೈಯಿಂದ ತೊಡೆ ಒತ್ತಿ ಹಿಡಿದೇ ನಡೆಯಬೇಕು. ಆ ಕೈಯೋ ಗಾಡಿಗಳ ಡೀಸೆಲ್ ಪಂಪು ರಿಪೇರಿ ಮಾಡುವ ಕೈ. ಅವ್ವ ಎಷ್ಟು ಉಜ್ಜಿದರೂ ಕಲೆ ಹೋಗುತ್ತಿರಲಿಲ್ಲ. ನನ್ನ ಮದುವೆಗೆಂದು ಹೊಲಿಸಿದ ಹೊಸ ಪ್ಯಾಂಟಿನ ಮೇಲೂ ಮೂರೇ ದಿನಕ್ಕೆ ಅದು ಬಂದು ಕೂತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಾವಣಗೆರೆಯ ವಿನೋಬನಗರದಲ್ಲಿ ಕಾರಿನ ಸೀಟ್ ಕವರ್ ಹೊಲಿಯುತ್ತೇನೆ. ಅಣ್ಣನ ರಿಪೇರಿ ಮೇಜು ನನ್ನ ಅಂಗಡಿಯ ಮುಂದೆಯೇ ಇತ್ತು. ಬರೆಯುವುದು ನನ್ನ ಕಸುಬಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳಲು ಮನೆಯಲ್ಲಿ ಯಾರೆದುರೂ ನನಗೆ ಧೈರ್ಯ ಬಂದಿಲ್ಲ.

ಕಾರು ಕೊಳ್ಳುವವರು ಮೊದಲು ಅಣ್ಣನ ಹತ್ತಿರ ಬರುತ್ತಿದ್ದರು. ಹಳೆಯ ಗಾಡಿಯಾದರೆ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಹೊಸದಾದರೆ ಅವನ ಪ್ರಶ್ನೆ ಎರಡೇ. ಮೊದಲನೆಯದು, "ಗಾಡಿ ಹೊಡಿಯೋರು ಯಾರು?" ಎರಡನೆಯದು, ದಿನಕ್ಕೆ ಎಷ್ಟು ದೂರ. ಆ ಎರಡಕ್ಕೆ ಉತ್ತರ ಸಿಗದೆ ಕಾರಿನ ಹೆಸರು ಎತ್ತಲು ಬಿಡುತ್ತಿರಲಿಲ್ಲ.

ವಿದ್ಯಾನಗರದ ಕಾಲೇಜು ಮೇಡಂ ಒಬ್ಬರು ಮೈಲೇಜಿನ ಆಸೆಗೆ ಡೀಸೆಲ್ ಕಾರು ನೋಡಿ ಬಂದಿದ್ದರು. ಮನೆಯಿಂದ ಕಾಲೇಜು ಮೂರು ಕಿಲೋಮೀಟರು. ಅಣ್ಣ ಹೇಳಿದ: "ಡೀಸೆಲ್ ಅಂದ್ರೆ ಎತ್ತು ಇದ್ದಂಗೆ ಮೇಡಂ. ಹೊಲ ಇಲ್ದೆ ಕಟ್ಟಿ ಹಾಕಿದ್ರೆ ಗ್ವಾಡೆಗೇ ಹಾಯ್ತೈತೆ. ನಿಮ್ಗೆ ಬ್ಯಾಡ." ದೂರ ಓಡದಿದ್ದರೆ ಈಗಿನ ಡೀಸೆಲ್ ಗಾಡಿಯ ಹೊಗೆ ಸೋಸುವ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ ಎಂದು ವಿವರಿಸಿ, ಅವರಿಗೆ ಪೆಟ್ರೋಲ್ ಗಾಡಿಯನ್ನೇ ಕೊಡಿಸಿದ. ದಿನಾ ಹುಬ್ಬಳ್ಳಿಗೆ ಓಡಾಡುವವನಿಗೆ ಡೀಸೆಲ್ಲೇ ಸರಿ ಎನ್ನುತ್ತಿದ್ದ. ಇಷ್ಟೆಲ್ಲ ಹೇಳುವವನು ತಾನು ಮಾತ್ರ ಒಂದು ದಿನವೂ ಕಾರು ಓಡಿಸಿರಲಿಲ್ಲ. ಕ್ಲಚ್ ಒತ್ತಲು ಎಡಗಾಲು ಬೇಕಲ್ಲ.

ಅವನನ್ನು ಎಲ್ಲಿಗಾದರೂ ಕರೆದೊಯ್ಯುವವನು ನಾನು. ನನ್ನ ಸ್ಕೂಟರೇ ಅವನ ಕಾಲು. ಜಗಳವಾದ ದಿನ ಬೇಕೆಂದೇ ಅವನನ್ನು ಅಂಗಡಿ ಕಟ್ಟೆಯ ಮೇಲೆ ಎರಡು ತಾಸು ಕಾಯಿಸುತ್ತಿದ್ದೆ. ಬಂದ ಮೇಲೆ ಅವನು ಯಾಕ ತಡ ಎಂದು ಕೇಳುತ್ತಿರಲಿಲ್ಲ. ಅವನು ಕೇಳದಿರುವುದು ನನಗೆ ರುಚಿಸುತ್ತಿತ್ತು.

ಹರಿಹರದ ಬಟ್ಟೆ ವ್ಯಾಪಾರಿಯೊಬ್ಬರು ಅವನ ಮಾತು ಕೇಳಿ ಹೈಬ್ರಿಡ್ ಕಾರು ತಗೊಂಡರು. ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಕೂಡಿ ಎಳೆಯುವ ಗಾಡಿ. ನಿಂತಾಗ ಸದ್ದೇ ಇಲ್ಲ. ಅಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದೇನ್ರಿ ಸಾವ್ಕಾರ್ರೆ, ಉಸಿರು ಬಿಗಿಹಿಡ್ಕಂಡು ಕುಂತೈತೆ" ಎಂದ. ಆ ಗಾಡಿಗೆ ಕ್ಲಚ್ಚೂ ಇಲ್ಲ. ಸಾಹುಕಾರರು ಹರಿಹರದ ಹೊಳೆ ದಂಡೆಯ ಬಯಲಿಗೆ ಗಾಡಿ ತಂದು, ಅವನನ್ನು ಕೈಹಿಡಿದು ಸ್ಟೇರಿಂಗಿನ ಮುಂದೆ ಕೂರಿಸಿದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಐವತ್ತೆರಡು ವರ್ಷದ ನಮ್ಮಣ್ಣ ಬಯಲನ್ನು ನಾಲ್ಕು ಸುತ್ತು ಹಾಕಿದ. ಎಡಗಾಲು ಸುಮ್ಮನೆ ಮಲಗಿತ್ತು. "ಲೇ ತಮ್ಮಾ, ಇದಕ್ಕೇನೂ ಕೆಲ್ಸನೇ ಇಲ್ಲಲೋ" ಎಂದ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಆ ಮುಖವನ್ನು ನಾನು ಸಹಿಸಲಾರದೆ ಹೋದೆ. ಇಳಿದ ಮೇಲೆ ಸಾಹುಕಾರರಿಗೆ, "ಕುಂಟಗೆ ಕುದ್ರಿ ಕೊಟ್ಟಂಗಾತು ಬಿಡ್ರಿ" ಎಂದು ನಕ್ಕೆ. ಸಾಹುಕಾರರು ನಗಲಿಲ್ಲ. ಅಣ್ಣ ತೊಡೆ ಒತ್ತಿಕೊಂಡು ಸ್ಕೂಟರಿನ ಕಡೆ ನಡೆದ.

ಅಲ್ಲಿಂದ ಅವನಿಗೆ ಒಂದೇ ಗುಂಗು. ಹೈಬ್ರಿಡ್ ನಮಗೆ ನಿಲುಕದ್ದು. ಆದರೆ ಕ್ಲಚ್ ಇಲ್ಲದ ಹಳೆಯ ಪೆಟ್ರೋಲ್ ಗಾಡಿಯೊಂದು ಸಾಹುಕಾರರ ಅಳಿಯನ ಹತ್ತಿರ ಹರಿಹರದಲ್ಲೇ ಇತ್ತು, ಬಿಳಿಯದು. ಅಣ್ಣ ಲೈಸೆನ್ಸಿಗೆಂದು ಡಾಕ್ಟರ ಚೀಟಿಯನ್ನೂ ಮಾಡಿಸಿಕೊಂಡ. ಸೋಮವಾರ ಹೋಗಿ ತಗೊಂಡು ಬಾ ಎಂದು ನನ್ನನ್ನು ಕಳಿಸಿದ.

ನಾನು ಹರಿಹರಕ್ಕೆ ಹೋಗಲೇ ಇಲ್ಲ. ಸಂಜೆ ಬಂದು, ಆ ಗಾಡಿ ಮಾರಿಹೋಗಿದೆ ಎಂದೆ. ಅದೇ ವಾರ ದಾವಣಗೆರೆಯಲ್ಲೇ ಒಂದು ಡೀಸೆಲ್ ಗಾಡಿ ನೋಡಿ ತಂದೆ. ಗೇರು, ಕ್ಲಚ್ಚು ಎಲ್ಲ ಇದ್ದದ್ದು. ನಮ್ಮ ಮನೆಗೂ ಅಂಗಡಿಗೂ ಇರುವುದು ಒಂದು ಕಿಲೋಮೀಟರು. ಅವನ ಲೆಕ್ಕದಲ್ಲಿ ಅದು ನಮ್ಮಂಥವರು ಮುಟ್ಟಬಾರದ ಗಾಡಿ. ಅದು ನನಗೂ ಗೊತ್ತಿತ್ತು.

ಬಾಗಿಲಲ್ಲಿ ನಿಲ್ಲಿಸಿದಾಗ ಓಣಿಯವರು ಸೇರಿದ್ದರು. ಅಣ್ಣ ಬಂದು ಗಾಡಿಯೊಳಗೆ ಇಣುಕಿ, ಮೂರು ಪೆಡಲ್ ನೋಡಿದ. ಆಮೇಲೆ ಎಲ್ಲರನ್ನೂ ಕೇಳುತ್ತಿದ್ದಂತೆಯೇ ನನ್ನನ್ನೂ ಕೇಳಿದ: "ಗಾಡಿ ಹೊಡಿಯೋರು ಯಾರು?"

"ಯಾರಂದ್ರೆ? ನಾನೇ. ನೀನೇನು ಕ್ಲಚ್ ತುಳಿತೀಯಾ?"

ಓಣಿಯವರಲ್ಲಿ ಇಬ್ಬರು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅಣ್ಣ ಗಾಡಿ ಚಾಲೂ ಮಾಡಿಸಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿದ. "ಎಂಜಿನ್ ಚಲೋ ಐತೆ. ನಿನ್ಗೆ ಹೊಂದ್ತೈತೆ" ಎಂದು ಒಳಗೆ ಹೋದ. ಅವನು ಹೊಸಿಲು ದಾಟುವ ಮೊದಲೇ, ಬಾನೆಟ್ಟಿನ ಮೇಲೆ ಮೂಡಿದ್ದ ಅವನ ಕೈಗುರುತನ್ನು ನಾನು ಬಟ್ಟೆಯಿಂದ ಒರೆಸಿದೆ.

ಆಮೇಲೆಯೂ ಜನ ಅವನ ಹತ್ತಿರ ಬಂದರು. ಅವನು ದಿನಕ್ಕೆ ಎಷ್ಟು ದೂರ ಎಂದಷ್ಟೇ ಕೇಳುತ್ತಿದ್ದ. ಮೊದಲ ಪ್ರಶ್ನೆ ಅವನ ಬಾಯಿಂದ ಮತ್ತೆ ಬರಲಿಲ್ಲ. ಅದನ್ನು ಗಮನಿಸಿದವನು ನಾನೊಬ್ಬನೇ.

ಮರುವರ್ಷ ಎದೆನೋವು ಬಂದು ರಿಪೇರಿ ಮೇಜಿನ ಮುಂದೆಯೇ ಒರಗಿದವನು ಮತ್ತೆ ಏಳಲಿಲ್ಲ. ಮೂರನೇ ದಿನ ಮಾತಾಡಿಸಲು ಹರಿಹರದ ಸಾಹುಕಾರರು ಬಂದರು. ಅಣ್ಣ ಆ ಬಿಳಿ ಗಾಡಿಯನ್ನು ಯಾಕೆ ತಗೊಳ್ಳಲಿಲ್ಲ ಎಂದು ನನ್ನನ್ನೇ ಕೇಳಿದರು. "ನೀವು ಡೀಸೆಲ್ ಗಾಡಿ ತಂದ್ರಲ್ಲ, ಅದರ ಹಿಂದಿನ ದಿನ ಫೋನ್ ಮಾಡಿದ್ದ. ಗಾಡಿ ಇನ್ನೂ ಐತಾ ಸಾವ್ಕಾರ್ರೆ ಅಂದ. ಐತೆ, ನಿನಗಂತ್ಲೇ ಇಟ್ಟೀವಿ ಅಂದೆ. ಆತು ಅಂದು ಇಟ್ಟುಬಿಟ್ಟ."

ಅಂದರೆ ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಾಗ ಅವನಿಗೆ ಎಲ್ಲವೂ ಗೊತ್ತಿತ್ತು. ಓಣಿಯ ಮುಂದೆ ಒಂದು ಮಾತು ಆಡಿದ್ದರೆ ನನ್ನ ಮುಖ ಮಣ್ಣುಪಾಲಾಗುತ್ತಿತ್ತು. ಅವನು ಎಂಜಿನ್ ಎಷ್ಟು ಚಲೋ ಇತ್ತೋ ಅಷ್ಟನ್ನೇ ಹೇಳಿದ.

ಈಗ ಅವನು ಹೇಳಿದ್ದೇ ಆಗಿದೆ. ಮನೆ, ಅಂಗಡಿ ಅಂತಲೇ ಓಡಿ ಗಾಡಿಗೆ ಮಸಿ ಕಟ್ಟುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ. ವಾರಕ್ಕೊಮ್ಮೆ ಹೈವೇಯಲ್ಲಿ ದೂರ ಓಡಿಸಿ ಎಂದಿದ್ದಾನೆ ಮೆಕ್ಯಾನಿಕ್. ಅದಕ್ಕೆ ಪ್ರತಿ ಭಾನುವಾರ ಕೆಲಸವಿಲ್ಲದೆ ಹರಿಹರದವರೆಗೆ ಒಬ್ಬನೇ ಹೋಗುತ್ತೇನೆ. ಹೊಳೆ ದಂಡೆಯ ಬಯಲಲ್ಲಿ ಗಾಡಿ ತಿರುಗಿಸಬೇಕು. ಅಲ್ಲಿ ನನ್ನ ಎಡಗಾಲು ಕ್ಲಚ್ ತುಳಿಯುತ್ತದೆ, ಬಿಡುತ್ತದೆ, ಮತ್ತೆ ತುಳಿಯುತ್ತದೆ.