ಪಖೋಮಿಚ್‌ಗೆ ಬೇಕಾದ ಮೂವತ್ತಮೂರು ಡಿಗ್ರಿ

ಮೂವತ್ತೊಂದು ವರ್ಷ ಒಂದಿಡೀ ಊರಿಗೆ "ಕಾಯಿರಿ" ಎಂದು ಹೇಳುತ್ತಲೇ ಕೆಲಸ ಮುಗಿಸಿ ನಿವೃತ್ತಳಾದವಳು ರಿಮ್ಮಾ ಅರ್ಕಾದ್ಯೆವ್ನಾ. ಕಾಮಾ ನದಿಯ ದಡದ ಆ ಊರಿನಲ್ಲಿ ಮನೆಗಳಿಗೆ ಶಾಖ ಬರುವುದು ಊರಾಚೆಯ ದೊಡ್ಡ ಬಾಯ್ಲರ್‌ಮನೆಯಿಂದ, ನೆಲದಡಿಯ ಕೊಳವೆಗಳಲ್ಲಿ ಹರಿಯುವ ಬಿಸಿನೀರಿನಿಂದ. ಆ ನೀರನ್ನು ಯಾವಾಗ ಬಿಡಬೇಕೆಂಬುದು ಊರಿನ ಶಾಖದ ಕಚೇರಿಯ ತೀರ್ಮಾನ. ಹೊರಗೆ ಐದು ದಿನ ಬಿಡದೆ ಎಂಟು ಡಿಗ್ರಿಗಿಂತ ಕೆಳಗಿರಬೇಕು. ನಾಲ್ಕು ದಿನ ಹಾಗಿದ್ದು ಐದನೇ ದಿನ ಸೂರ್ಯ ಇಣುಕಿಬಿಟ್ಟರೆ ಎಣಿಕೆ ಮತ್ತೆ ಮೊದಲಿಂದ. ಅಷ್ಟರಲ್ಲಿ ಕೋಟು ತೊಟ್ಟುಕೊಂಡೇ ಊಟಕ್ಕೆ ಕೂತ ಜನ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆ ಬೈಗುಳವೆಲ್ಲ ಬಂದು ಬೀಳುತ್ತಿದ್ದದ್ದು ಆ ಕಚೇರಿಯ ಫೋನಿನ ಮುಂದೆ ಕೂತ ರಿಮ್ಮಾಳ ಕಿವಿಗೆ. ಅವಳು ಬರೆದುಕೊಳ್ಳುತ್ತಿದ್ದಳು, ಕಾಯಿರಿ ಎನ್ನುತ್ತಿದ್ದಳು, ಫೋನ್ ಇಡುತ್ತಿದ್ದಳು.

ಅಂಥವಳು ಸೆಪ್ಟೆಂಬರ್ ಇಪ್ಪತ್ತರ ಬೆಳಿಗ್ಗೆ ತನ್ನದೇ ಮನೆಯಲ್ಲಿ ಮಂಡಿಯೂರಿ, ಆ ಬಿಸಿನೀರು ಹರಿಯಬೇಕಾದ, ಈಗ ಮಂಜುಗಡ್ಡೆಯಂತಿದ್ದ ಗೋಡೆಯ ರೇಡಿಯೇಟರಿಗೆ ಕೆನ್ನೆ ಹಚ್ಚಿ, ಒಳಗೆ ನೀರಿನ ಸದ್ದೇನಾದರೂ ಕೇಳುತ್ತದೋ ಎಂದು ಕಿವಿಗೊಟ್ಟು ಕೂತಿದ್ದಳು. ರೇಡಿಯೇಟರಿನ ಕೆಳಗೆ, ಹಳೆಯ ಉಣ್ಣೆಟೋಪಿಯೊಳಗೆ, ಅಂಗೈಯಗಲದ ಆಮೆಮರಿಯೊಂದು ಕತ್ತು ಒಳಗೆಳೆದುಕೊಂಡು ಬಿದ್ದಿತ್ತು. ಎಲೆಕೋಸಿನ ಚೂರು ಮೂರು ದಿನದಿಂದ ಅದರ ಮುಂದೆಯೇ ಬಾಡುತ್ತಿತ್ತು.

ಅದು ಅವಳು ಬೇಡಿ ತಂದದ್ದಲ್ಲ. ಆಗಸ್ಟ್ ಕೊನೆಯಲ್ಲಿ ಕಚೇರಿಯವರು ಬೀಳ್ಕೊಡುಗೆ ಮಾಡಿದಾಗ ಕೇಕು ತಿಂದು, ಕಣ್ಣೀರು ಹಾಕಿ, ಕೊನೆಗೆ ರಿಬ್ಬನ್ ಕಟ್ಟಿದ ಚಪ್ಪಲಿಪೆಟ್ಟಿಗೆಯೊಂದನ್ನು ಕೈಗಿಟ್ಟರು. "ನಮ್ಮ ರಿಪೇರಿ ಗ್ಯಾಂಗ್‌ನಷ್ಟೇ ಬೇಗ ಓಡುತ್ತೆ, ನಿಮಗೆ ಬೇಜಾರಾಗಲ್ಲ!" ಎಂದು ಎಲ್ಲರೂ ನಕ್ಕರು. ರಿಮ್ಮಾ ಮಾತ್ರ ಮುಖ ಗಂಟುಹಾಕಿಕೊಂಡೇ ಮನೆಗೆ ಬಂದಳು. ದೂರು ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಕೋಟಿನ ಕಾಲರಿನೊಳಗೆ ಕತ್ತು ಸೇರಿಸಿಕೊಳ್ಳುತ್ತಿದ್ದ ತನ್ನ ಮೇಲಧಿಕಾರಿಯ ಹೆಸರನ್ನೇ ಅದಕ್ಕಿಟ್ಟಳು: ಪಖೋಮಿಚ್. ಹೆಸರಿಟ್ಟ ಮೇಲೆ ಬಿಡುವುದುಂಟೇ? ಎರಡೇ ವಾರದಲ್ಲಿ ಅದು ಎಲೆ ಕಚ್ಚುವ ಸದ್ದು ಕೇಳದೆ ಅವಳಿಗೆ ಚಹಾ ಇಳಿಯದಂತಾಯಿತು.

"ಏನೂ ಆರೈಕೆ ಬೇಡ, ನೆಲದ ಮೇಲೆ ಬಿಡಿ, ರೇಡಿಯೇಟರ್ ಕೆಳಗೆ ಹೋಗಿ ಮಲಗುತ್ತೆ" ಎಂದು ಆಮೆ ಮಾರಿದ ಅಂಗಡಿಯವಳು ಹೇಳಿ ಕಳಿಸಿದ್ದಳಂತೆ. ಆ ಊರಿನಲ್ಲಿ ಎಲ್ಲರ ಅಜ್ಜಿಯೂ ಒಂದು ಆಮೆ ಸಾಕಿದ್ದಳು, ಎಲ್ಲರ ಅಜ್ಜಿಯ ಆಮೆಯೂ ರೇಡಿಯೇಟರ್ ಕೆಳಗೇ ಮಲಗಿತ್ತು. ಅವುಗಳಲ್ಲಿ ಎಷ್ಟು ಮತ್ತೆ ಎದ್ದವು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

"ಇವತ್ತೂ ಬಂದಿಲ್ವಾ ನಿಮ್ಮ ಕಚೇರಿಯ ಕಾವು?" ಅಡುಗೆಮನೆಯಿಂದ ಫಾಯಾ ಕೇಳಿದಳು. ಫಾಯಾ ಅವಳ ಅಕ್ಕ. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆಗೇ ಇದ್ದಾಳೆ, ಅವಳನ್ನು ರಿಮ್ಕಾ ಎಂದೇ ಕರೆಯುತ್ತಾಳೆ. ನಲವತ್ತು ವರ್ಷ ಊರಿನ ಚಿಕಿತ್ಸಾಲಯದಲ್ಲಿ ರೋಗಿಗಳಿಗೆ ಬೆಳಕಿನ ಚಿಕಿತ್ಸೆ ಕೊಡುವ ನರ್ಸ್ ಆಗಿದ್ದವಳು. ಒಬ್ಬಳು ಶಾಖದವಳು, ಒಬ್ಬಳು ಬೆಳಕಿನವಳು. ಆಮೆಗೆ ಬೇಕಾದದ್ದೂ ಆ ಎರಡೇ. ಇದಕ್ಕಿಂತ ಒಳ್ಳೆ ಮನೆ ಅದಕ್ಕೆ ಎಲ್ಲಿ ಸಿಗಬೇಕಿತ್ತು ಹೇಳಿ!

"ಬರುತ್ತೆ ಫಾಯಾ. ನಾಲ್ಕು ದಿನ ಆಗಿದೆ. ನಾಳೆ ಐದು."

"ಅಷ್ಟರಲ್ಲಿ ನಿನ್ನ ಪಖೋಮಿಚ್ ಕಲ್ಲಾಗಿರ್ತಾನೆ ಕಣೇ ರಿಮ್ಕಾ. ತಡಿ, ನಾನು ನೋಡ್ಕೋತೀನಿ."

ಫಾಯಾ ಅಟ್ಟದಿಂದ ತಂದದ್ದು ನೀಲಿ ದೀಪ. ಮಕ್ಕಳ ಕಿವಿನೋವಿಗೆ, ದೊಡ್ಡವರ ಮೂಗು ಕಟ್ಟಿದ್ದಕ್ಕೆ ಆ ಊರಿನ ಪ್ರತಿ ಮನೆಯಲ್ಲೂ ಇರುವ, ಹಿಡಿಕೆಯುಳ್ಳ ದೀಪ. ಅದನ್ನು ಕುರ್ಚಿಯ ಬೆನ್ನಿಗೆ ಹಗ್ಗದಿಂದ ಕಟ್ಟಿ, ಬಟ್ಟೆ ನೆನೆಸುವ ಬೋಗುಣಿಯೊಳಗೆ ಆಮೆಯನ್ನಿಟ್ಟು, ಮೇಲೆ ಹೊತ್ತಿಸಿದಳು. ಪಖೋಮಿಚ್ ಇನ್ನಷ್ಟು ಒಳಗೆ ಸರಿಯಿತು. ಸಾಲದೆಂದು, ರಿಮ್ಮಾ ರೊಟ್ಟಿ ತರಲು ಇಳಿದ ಹತ್ತೇ ನಿಮಿಷದಲ್ಲಿ, ಕೋಣೆಯ ರೋಗಾಣು ಕೊಲ್ಲುವ ಕ್ವಾರ್ಟ್ಜ್ ದೀಪವನ್ನು ಆಮೆಯ ಮೇಲೇ ತಿರುಗಿಸಿಬಿಟ್ಟಳು. ಲೆಕ್ಕ ಹಾಕಿ, ಗಡಿಯಾರ ಹಿಡಿದು, ಸರಿಯಾಗಿ ಮೂರು ನಿಮಿಷ.

ಮಾರನೇ ದಿನ ಆಮೆಯ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು.

ರಿಮ್ಮಾಳಿಗೆ ಪಿತ್ತ ನೆತ್ತಿಗೇರಿತು. "ನಿನ್ನ ಬೆಳಕಿಗೆ ಬೆಂಕಿ ಬೀಳ! ಮನುಷ್ಯರ ಮೂಗು ಸುಟ್ಟಿದ್ದು ಸಾಲಲಿಲ್ವಾ?"

"ನಾನೇನಾದ್ರೂ ಮಾಡಿದೆ. ನೀನೇನು ಮಾಡಿದೆ? ಕಾಯಿರಿ ಕಾಯಿರಿ ಅಂತ ಟೋಪಿಯೊಳಗೆ ತುರುಕಿಟ್ಟೆ!"

ಅಕ್ಕತಂಗಿಯರು ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು, ಪಶುವೈದ್ಯೆ ಅಲ್ಸೂ ಬಳಿಗೆ ಹೋದರು. ಅಲ್ಸೂ ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ಮಾತ್ರ ಚಿಕ್ಕದಲ್ಲ. ಆಮೆಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದಳು. ಚಿಪ್ಪು ಮೆತ್ತಗೆ ಬಗ್ಗಿತು.

"ಇದನ್ನ ಎಲ್ಲಿ ಇಟ್ಟಿದ್ರಿ?"

"ನೆಲದ ಮೇಲೆ. ಶಾಖ ಬಂದ್ರೆ ಸರಿಹೋಗುತ್ತೆ. ಇನ್ನೊಂದೆರಡು ದಿನ ಅಷ್ಟೇ..."

"ರಿಮ್ಮಾ ಅರ್ಕಾದ್ಯೆವ್ನಾ ಅವರೇ, ಈ ಮರಿ ನಿಮ್ಮ ವೇಳಾಪಟ್ಟಿ ಓದಲ್ಲ. ಇದು ತನ್ನ ಮೈ ಬಿಸಿ ತಾನೇ ಮಾಡ್ಕೊಳ್ಳೋ ಪ್ರಾಣಿಯಲ್ಲ. ಮೈ ಕಾಯದಿದ್ರೆ ತಿಂದದ್ದು ಅರಗಲ್ಲ. ಕಣ್ಣು ಬಿಡದಿದ್ರೆ ತಿನ್ನೋದೇ ಇಲ್ಲ. ಎರಡು ವಾರದಲ್ಲಿ ತಿನ್ನದಿದ್ರೆ ನನ್ನ ಹತ್ರ ತರಬೇಡಿ, ತಂದು ಪ್ರಯೋಜನ ಇರಲ್ಲ."

ರಿಮ್ಮಾ ಪೆನ್ಸಿಲ್ ತೆಗೆದಳು, ಅಲ್ಸೂ ಹೇಳುತ್ತ ಹೋದಳು. ಆಮೆಯನ್ನಿಡುವ ಪೆಟ್ಟಿಗೆ ಮೇಜಿನ ಮೇಲಿರಬೇಕು, ನೆಲದಲ್ಲಿ ತಂಗಾಳಿ ಹೊಡೆಯುತ್ತದೆ. ಕಾಯಿಸುವ ದೀಪದಡಿಯ ಒಂದು ಮೂಲೆ ಮೂವತ್ತಮೂರು ಡಿಗ್ರಿ, ಎದುರು ಮೂಲೆ ಇಪ್ಪತ್ತನಾಲ್ಕು. ಸರೀಸೃಪಗಳಿಗೆಂದೇ ಮಾಡಿದ ಅತಿನೇರಳೆ ದೀಪ ದಿನಕ್ಕೆ ಹತ್ತು ಗಂಟೆ, ಅದಿಲ್ಲದೆ ಚಿಪ್ಪು ಗಟ್ಟಿಯಾಗದು.

"ಎಲ್ಲ ಕಡೆ ಒಂದೇ ಸಮ ಇಪ್ಪತ್ತೆಂಟು ಇಟ್ಟರೆ ಸಾಲದಾ?" ರಿಮ್ಮಾ ಕೇಳಿದಳು. ಊರಿಗೆಲ್ಲ ಒಂದೇ ಅಳತೆಯ ಶಾಖ ಹಂಚಿದವಳು ಅವಳು.

"ಸಾಲದು. ಯಾವಾಗ ಎಷ್ಟು ಬೇಕು ಅಂತ ಅದು ತಾನೇ ಹೋಗಿ ಆರಿಸ್ಕೋಬೇಕು."

ಅಂಗೈಯಗಲದ ಪ್ರಾಣಿ ತನ್ನ ಶಾಖ ತಾನೇ ಆರಿಸಿಕೊಳ್ಳುವುದಂತೆ! ಮೂರು ಲಕ್ಷ ಜನರ ಊರಿನಲ್ಲಿ ಒಬ್ಬರಿಗೂ ಇಲ್ಲದ ಹಕ್ಕು. ರಿಮ್ಮಾ ಉರಿದುಕೊಂಡೇ ಬರೆದಳು.

ಆಮೇಲಿನ ನಾಲ್ಕು ದಿನ ಆ ಮನೆಯಲ್ಲಿ ನಡೆದದ್ದನ್ನು ಮನೆಗೆಲಸ ಎನ್ನಬೇಕೋ ಯುದ್ಧ ಎನ್ನಬೇಕೋ ತಿಳಿಯದು. ತಂದ ಬಲ್ಬು ಹೋಲ್ಡರಿಗೆ ಕೂರಲಿಲ್ಲ. ಹೋಲ್ಡರ್ ಬದಲಿಸಿದರೆ ಕ್ಲಿಪ್ಪು ಜಾರಿ ದೀಪ ಮುಖ ಅಡಿಯಾಗಿ ಬಿತ್ತು, ಪುಣ್ಯಕ್ಕೆ ಪಖೋಮಿಚ್ ಆಗ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಸ್ನಾನಕ್ಕೆ ಕೂತಿತ್ತು. ಎರಡು ದೀಪ, ಕೋಣೆಯ ಹೀಟರ್ ಮೂರೂ ಉರಿಯುವಾಗ ಫಾಯಾ ಚಹಾದ ಕೆಟಲ್ ಹಾಕಿದಳು. ಫ್ಯೂಸ್ ಹಾರಿ ಇಡೀ ಮನೆ ಕತ್ತಲಾಯಿತು.

"ಚಹಾ ಕುಡಿಯೋಕೂ ಈ ಆಮೆಯ ಅಪ್ಪಣೆ ಕೇಳ್ಬೇಕಾ?"

"ಕೇಳು! ಗ್ಯಾಸಿನ ಮೇಲೆ ಕಾಯಿಸಿದ್ರೆ ನಿನ್ನ ಚಹಾಕ್ಕೆ ಮಾನ ಹೋಗುತ್ತಾ?"

ಥರ್ಮಾಮೀಟರ್ ಬಿಸಿ ಮೂಲೆಯಲ್ಲಿ ನಲವತ್ತೊಂದು ತೋರಿಸಿತು. ದೀಪ ಮೇಲೆತ್ತಿದರೆ ಇಪ್ಪತ್ತೊಂಬತ್ತು. ಒಂದು ಗೇಣು, ಗೇಣಿಗೆ ಎರಡು ಬೆರಳು ಕಡಿಮೆ, ಒಂದು ಬೆರಳು ಹೆಚ್ಚು. ಊರಿನ ಶಾಖದ ನಕ್ಷೆಯನ್ನೆಲ್ಲ ಬಾಯಿಪಾಠ ಹೇಳುತ್ತಿದ್ದವಳು ಒಂದು ಪೆಟ್ಟಿಗೆಯ ಮೂಲೆ ಕಾಯಿಸಲಾರದೆ ತಲೆ ಚಚ್ಚಿಕೊಂಡಳು. ಅಂತೂ ಮೂವತ್ತಮೂರಕ್ಕೆ ನಿಂತಿತು ಎನ್ನುವಾಗ ಫಾಯಾ, ಕಾವು ಹಾರಿಹೋಗದಿರಲಿ ಎಂದು, ಫೋಟೋದ ಚೌಕಟ್ಟಿನಿಂದ ಗಾಜು ತೆಗೆದು ಪೆಟ್ಟಿಗೆಯ ಬಾಯಿಗೆ ಮುಚ್ಚಿದಳು. ಎರಡು ದಿನ ಯಾರೂ ಯೋಚಿಸಲಿಲ್ಲ. ಮೂರನೇ ದಿನ ಆ ಗಾಜು ಒರೆಸುತ್ತಿದ್ದಾಗ ಫಾಯಾ ಹಾಗೇ ನಿಂತುಬಿಟ್ಟಳು.

"ರಿಮ್ಕಾ, ನಾನು ಕತ್ತೆ ಕಣೇ."

"ಅದು ಗೊತ್ತು. ಈಗೇನಾಯ್ತು?"

"ಗಾಜನ್ನ ಆ ಅತಿನೇರಳೆ ಬೆಳಕು ದಾಟಲ್ಲ. ಅದಕ್ಕೇ ಅಲ್ವಾ ನಮ್ಮ ದೀಪಗಳಿಗೆ ಕ್ವಾರ್ಟ್ಜ್ ಹಾಕೋದು! ನಲವತ್ತು ವರ್ಷ ಹೊಸ ಹುಡುಗೀರಿಗೆ ಮೊದಲ ದಿನವೇ ಇದನ್ನ ಕಲಿಸ್ತಿದ್ದೆ." ಅವಳ ಕಣ್ಣು ತುಂಬಿತ್ತು. "ಕಣ್ಣಿಗೆ ಪಟ್ಟಿ ಕಟ್ಟದೆ ಯಾರನ್ನೂ ಆ ದೀಪದ ಕೆಳಗೆ ಮಲಗಿಸಿದವಳಲ್ಲ ನಾನು. ಇದಕ್ಕೂ ಕಣ್ಣಿದೆ ಅಂತ ಹೊಳೀಲೇ ಇಲ್ಲ."

ರಿಮ್ಮಾ ಬಂದು ಗಾಜಿನ ಇನ್ನೊಂದು ಅಂಚು ಹಿಡಿದಳು. ಗಾಜು ತೆಗೆದು ಗೋಡೆಗೊರಗಿಸಿದರು. ಗಾಜಿಲ್ಲದ ಪೆಟ್ಟಿಗೆಯಲ್ಲಿ ತಂಪು ಮೂಲೆ ಇಪ್ಪತ್ತಕ್ಕೆ ಇಳಿಯಿತು, ಏಕೆಂದರೆ ಕೋಣೆಯೇ ಹದಿನೈದು. ಹೊರಗೆ ಐದನೇ ದಿನ ಸೂರ್ಯ ಇಣುಕಿದ್ದ. ಎಣಿಕೆ ಮತ್ತೆ ಮೊದಲಿಂದ.

ಆಗ ರಿಮ್ಮಾ ಫೋನ್ ಎತ್ತಿದಳು. ಇಷ್ಟು ವರ್ಷ ಇನ್ನೊಂದು ತುದಿಯಲ್ಲಿ ತಾನೇ ಕೂತು ಉತ್ತರಿಸಿದ, ಶಾಖದ ಕಚೇರಿಯ ನಂಬರ್.

"ಹೇಳಿ." ಎಳೆಯ ದನಿ. ಹೊಸ ಹುಡುಗಿ, ಹೆಸರು ಉಸ್ತಿನ್ಯಾ ಅಂದಳು.

"ಮನೇಲಿ ಹದಿನೈದು ಡಿಗ್ರಿ ಇದೆ ಕಣಮ್ಮಾ. ಇಲ್ಲೊಂದು ಮರಿ ಇದೆ, ಹುಷಾರಿಲ್ಲ. ಆಮೆಮರಿ. ನಗಬೇಡ."

"ನಗ್ತಿಲ್ಲ. ಹೆಸರು?"

"ನನ್ನದಾ, ಆಮೆಯದಾ? ನಾನು ರಿಮ್ಮಾ ಅರ್ಕಾದ್ಯೆವ್ನಾ. ಆಮೆಯದು ಪಖೋಮಿಚ್."

ಆ ಕಡೆ ಕಿಸಕ್ಕನೆ ಸದ್ದಾಯಿತು. ಪಕ್ಕದ ಕೋಣೆಯಲ್ಲೇ ಅಲ್ಲವೇ ನಿಜವಾದ ಪಖೋಮಿಚ್ ಕೂತಿರುವುದು! ಆಮೇಲೆ ಹುಡುಗಿ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. "ನಿಮ್ಮ ದೂರು ಬರೆದುಕೊಂಡಿದ್ದೇವೆ. ಶಾಖವನ್ನು ನಿಯಮದಂತೆ ಬಿಡಲಾಗುವುದು. ಅಲ್ಲಿಯವರೆಗೆ ಬೆಚ್ಚಗೆ ಬಟ್ಟೆ ಹಾಕಿಕೊಂಡು ಕಾಯಿರಿ."

ಆ ಮಾತು ರಿಮ್ಮಾಳದೇ. ಕಚೇರಿಯ ಫೋನಿನ ಪಕ್ಕ ಗೋಡೆಗೆ ಅಂಟಿಸಿದ ಚೀಟಿಯಲ್ಲಿ, ಅವಳದೇ ದುಂಡು ಅಕ್ಷರದಲ್ಲಿ. ಬಟ್ಟೆಯ ಸಾಲು ಕಚೇರಿಯದ್ದಲ್ಲ, ಅವಳೇ ಸೇರಿಸಿದ್ದು. ಹಾಗೆ ಹೇಳಿದರೆ ಜನ ಬೇಗ ಫೋನ್ ಇಡುತ್ತಿದ್ದರು.

ಹನ್ನೊಂದು ವರ್ಷದ ಹಿಂದಿನ ಒಂದು ಜನವರಿ ನೆನಪಾಯಿತು. ಇಟ್ಟಿಗೆಗೂಡಿನ ಬೀದಿಯಲ್ಲಿ ಕೊಳವೆ ಒಡೆದಿತ್ತು. ಹೆಂಗಸೊಬ್ಬಳು ಮೂರು ಸಲ ಫೋನ್ ಮಾಡಿದ್ದಳು. ಮೂರನೇ ಸಲ ಅವಳು ಬೈಯಲಿಲ್ಲ, "ಮಗುವಿನ ಉಗುರು ನೀಲಿಯಾಗ್ತಿದೆ" ಎಂದಷ್ಟೇ ಹೇಳಿದಳು. ರಿಮ್ಮಾ ನಂಬರ್ ಬರೆದುಕೊಂಡಳು, ಬೆಚ್ಚಗೆ ಬಟ್ಟೆ ಹಾಕಿಸಿ ಕಾಯಿರಿ ಎಂದಳು. ನಾಲ್ಕನೇ ಸಲ ಫೋನ್ ಬರಲಿಲ್ಲ. ಶಾಖ ಬಂದಿರಬೇಕು ಎಂದುಕೊಂಡಳು. ತಿರುಗಿ ಫೋನ್ ಮಾಡಿ ಕೇಳಬೇಕೆಂಬ ನಿಯಮವೇನೂ ಇರಲಿಲ್ಲ, ಅವಳೂ ಕೇಳಲಿಲ್ಲ. ಈಗ ಆ ಹೆಂಗಸಿನ ದನಿ ಕಿವಿಯಲ್ಲಿ ಕೂತು ಏಳಲೊಲ್ಲದು.

ಹಳೆಯ ಕಂಬಳಿಯನ್ನು ಪೆಟ್ಟಿಗೆಯ ಮೂರು ಬದಿಗೆ ಸುತ್ತಿ ತಂಪು ಮೂಲೆಯನ್ನು ಇಪ್ಪತ್ತನಾಲ್ಕಕ್ಕೆ ತಂದದ್ದು ಫಾಯಾ. ದಿನಕ್ಕೆರಡು ಸಲ ಕಣ್ಣಿಗೆ ಅಲ್ಸೂ ಕೊಟ್ಟ ಮದ್ದಿನ ಹನಿ ಹಾಕಿದ್ದೂ ಅವಳೇ. ಕಂಬಳಿ ಹೊದ್ದು ಥರ್ಮಾಮೀಟರ್ ನೋಡುತ್ತ ಕೂತದ್ದು ರಿಮ್ಮಾ. ಅಲ್ಸೂ ಬಳಿ ಹೋಗಿಬಂದ ಒಂಬತ್ತನೇ ದಿನ ಪಖೋಮಿಚ್ ಬಲಗಣ್ಣು ಬಿಟ್ಟಿತು. ಹತ್ತನೇ ದಿನ ತಾನಾಗಿಯೇ ತಂಪು ಮೂಲೆಯಿಂದ ಹೊರಟು, ನಾಲ್ಕು ಸಲ ನಿಂತು, ದೀಪದ ಕೆಳಗಿನ ಚಪ್ಪಟೆ ಕಲ್ಲನ್ನು ಹತ್ತಿ ಕಾಲು ಚಾಚಿತು. ತಿನ್ನಲು ಮಾತ್ರ ಒಲ್ಲೆ ಎಂದಿತು. ಸಬ್ಬಸಿಗೆ ಬೇಡ, ಕ್ಯಾರೆಟ್ ಬೇಡ. ಫಾಯಾ ಅಂಗಳಕ್ಕಿಳಿದು, ಹಿಮ ಬೀಳುವ ಮುಂಚೆ ಉಳಿದಿದ್ದ ಹಳದಿ ಹೂವಿನ ಕಾಡುಗಿಡದ ಎಲೆ ಹುಡುಕಿ ತರುತ್ತಿದ್ದಳು, ದಿನವೂ ಒಣಗಿದ ಎಲೆ ಎಸೆಯುತ್ತಿದ್ದಳು.

ಹನ್ನೆರಡನೇ ದಿನ ಬೆಳಿಗ್ಗೆ ರೇಡಿಯೇಟರ್ ಗುಳುಗುಳು ಎಂದಿತು. ಮೇಲಿನ ಮನೆಯವರು ಸಂತೋಷಕ್ಕೆ ಕೊಳವೆ ಬಡಿದರು. ಅಕ್ಕತಂಗಿಯರಿಬ್ಬರೂ ಆ ಕಡೆ ತಿರುಗಿಯೂ ನೋಡಲಿಲ್ಲ. ಪಖೋಮಿಚ್ ಕತ್ತು ಉದ್ದ ಮಾಡಿ, ಎಲೆಯ ಅಂಚನ್ನು ಕಚ್ಚಿ, ಹರಿದು, ಅಗಿಯುತ್ತಿತ್ತು.

ಆಗಲೇ ಫೋನ್ ಬಂತು.

"ರಿಮ್ಮಾ ಅರ್ಕಾದ್ಯೆವ್ನಾ ಅವರೇ? ನಾನು ಉಸ್ತಿನ್ಯಾ, ಶಾಖದ ಕಚೇರಿಯಿಂದ. ಬಿಸಿ ಬಂತಾ?"

"ಬಂತು."

"ಮತ್ತೆ ಪಖೋಮಿಚ್?"

"ತಿಂತಾ ಇದ್ದಾನೆ." ರಿಮ್ಮಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಕೇಳು ಅಂತ ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ. ಏನಾಯ್ತೋ ಅಂತ ಮನಸ್ಸು ತಡೀಲಿಲ್ಲ, ಅಷ್ಟೇ."

ಪಖೋಮಿಚ್ ಎರಡನೇ ಎಲೆಗೆ ಬಾಯಿ ಹಾಕಿತು. ರಿಮ್ಮಾ ಮೇಜಿನಿಂದ ಪೆನ್ಸಿಲ್ ಎತ್ತಿಕೊಂಡಳು.

"ಉಸ್ತಿನ್ಯಾ, ನಿನ್ನ ಹಿಂದಿನ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೇ ದೂರಿನ ಪುಸ್ತಕಗಳಿವೆ. ಹನ್ನೊಂದು ವರ್ಷದ ಹಿಂದಿನದು, ಜನವರಿ. ಇಟ್ಟಿಗೆಗೂಡಿನ ಬೀದಿ. ಒಂದೇ ನಂಬರ್ ಮೂರು ಸಲ ಬರೆದಿದೆ, ನಿನ್ನ ಗೋಡೆಯ ಚೀಟಿಯಲ್ಲಿರೋ ಅದೇ ನನ್ನ ಅಕ್ಷರದಲ್ಲಿ. ಅದನ್ನ ಓದಿ ಹೇಳಮ್ಮಾ."

"ಹುಡುಕೋಕೆ ತುಂಬಾ ಹೊತ್ತಾಗುತ್ತೆ."

"ಆಗಲಿ," ಎಂದಳು ರಿಮ್ಮಾ. "ಕಾಯ್ತೀನಿ."